ಶುಕ್ರಲೋಕಕ್ಕೆ ಮಂಗಲ ಹಾಡಿದ ವರ್ಷ

ಕಳೆದ ಮಾಘದಲ್ಲಿ ವಿಜಾಪುರದ ಕೆಲವರು ಸೇರಿ ನನಗೆ ಸನ್ಮಾನ ಮಾಡಿದರು. ‘ಜಿಲ್ಲೆಯ ಮೊದಲ ವೈಜ್ಞಾನಿಕ ಕಥೆಗಾರ’ ಎಂದು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿದ್ದರು. ಅರ್ಧ ಶತಮಾನ ತಡವಾಗಿ ಬಂದ ಮಾತನ್ನು ಹಿತ್ತಾಳೆಯಲ್ಲಿ ಕೆತ್ತಿದ ಮಾತ್ರಕ್ಕೆ ಅದು ಹೊತ್ತಿಗೆ ಸರಿಯಾಗಿ ಬಂದಂತಾಗುವುದಿಲ್ಲ. ಆದರೂ ಫಲಕವನ್ನು ಎದೆಗೆ ಹಿಡಿದು ಛಾಯಾಚಿತ್ರಕ್ಕೆ ನಿಂತೆ. ಸಭೆಯಾದ ಮೇಲೆ ನನ್ನನ್ನು ತಿಕೋಟಾದ ಮನೆಗೆ ಮುಟ್ಟಿಸುವ ಹೊಣೆಯನ್ನು ಕಾಲೇಜಿನ ಒಬ್ಬ ತರುಣ ಅಧ್ಯಾಪಕ ಹೊತ್ತುಕೊಂಡಿದ್ದ. ಊರು ಇನ್ನೂ ದೂರವಿರುವಾಗಲೇ ರಸ್ತೆಯ ಬದಿಯ ಹೊಲದಲ್ಲಿ ಹೊಗೆ ಕಂಡು ಅವನು ಕಾರು ನಿಲ್ಲಿಸಿದ. ಕುಳ್ಳಿನ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆಗಳನ್ನು ಸುಡುತ್ತಿದ್ದರು.

“ಸರ, ಸೀತನಿ! ಇಳೀರಿ, ಒಂದ್ ಮುಟಗಿ ತಿಂದು ಹೋಗೂಣು.”

“ನನಗ ಬ್ಯಾಡಪಾ. ನೀ ತಿಂದು ಬಾ.”

“ಯಾಕ್ರಿ, ಹಲ್ಲಿನ ತ್ರಾಸೇನ್ರಿ?”

ಹಲ್ಲುಗಳು ನನಗೆ ಬೇಕಾದಷ್ಟಿವೆ. ಆದರೆ ಸುಟ್ಟ ತೆನೆಯ ಆ ಸಿಹಿಯಾದ ವಾಸನೆ ಮೂಗಿಗೆ ತಾಗಿದಾಗಲೆಲ್ಲ ಒಂದು ವರ್ಷ ಎದ್ದು ಬಂದು ನನ್ನೆದುರು ಕುಳಿತುಕೊಳ್ಳುತ್ತದೆ. ಯುದ್ಧ ಮುಗಿದು ಸ್ವರಾಜ್ಯ ಇನ್ನೂ ಬಾರದಿದ್ದ, ಎರಡರ ನಡುವಿನ ವರ್ಷ ಅದು. ಅದರ ವೃತ್ತಾಂತವನ್ನು ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಪೂರ್ತಿಯಾಗಿ ಕೇಳುವ ಸೌಜನ್ಯವನ್ನು ಯಾರೂ ತೋರಿಸಲಿಲ್ಲ.

ಆಗ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಬಾಡಿಗೆಯ ಕೋಣೆ. ಆ ಬೇಸಗೆ ಭೂತನಾಳದ ಕೆರೆ ತಳ ಕಂಡಿತ್ತು. ಊರಿನ ನಲ್ಲಿಗಳು ಗೊರಗೊರ ಎಂದು ಗಾಳಿಯನ್ನಷ್ಟೇ ಕಾರುತ್ತಿದ್ದವು. ಒಂದು ಸಂಜೆ ನಾನು ಭೂತನಾಳದವರೆಗೆ ನಡೆದುಹೋಗಿ, ಬಿರಿದ ಕೆರೆಯಂಗಳದ ಅಂಚಿನಲ್ಲಿ ಕುಳಿತಿದ್ದೆ. ಪಶ್ಚಿಮದಲ್ಲಿ ಶುಕ್ರ ಹೊಳೆಯುತ್ತಿತ್ತು. ಆ ಗ್ರಹವನ್ನು ಸದಾ ದಟ್ಟ ಮೋಡ ಮುಚ್ಚಿರುತ್ತದೆಂದೂ, ಮೋಡದ ಕೆಳಗೆ ಎಡೆಬಿಡದೆ ಮಳೆ ಸುರಿಯುತ್ತಿರಬಹುದೆಂದೂ ಅಂದಿನ ಪಂಡಿತರಲ್ಲಿ ಕೆಲವರು ಊಹಿಸಿದ್ದರು. ರದ್ದಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ಮಾಸಪತ್ರಿಕೆಗಳಲ್ಲಿ ನಾನು ಅದನ್ನು ಓದಿದ್ದೆ. ಒಂದು ಹನಿಯಿಲ್ಲದ ಕೆರೆಯ ಬದಿಯಲ್ಲಿ ಕುಳಿತವನಿಗೆ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಮಳೆಯದೇ ಒಂದು ಲೋಕ ತೂಗಾಡುತ್ತಿದ್ದರೆ ಏನನ್ನಿಸಬೇಕು? ಅಂದೇ ನಾನು ‘ಮುಗಿಲೊಳಗಿನ ನೆಲ’ ಎಂಬ ಕಾದಂಬರಿಯನ್ನು ಆರಂಭಿಸಿದೆ.

ಕಥೆ ಸರಳವಾದದ್ದು. ನೀರಿಲ್ಲದ ನಮ್ಮ ಬಯಲಿನಿಂದ ಮೂವರು ಒಂದು ಲೋಹದ ಗೋಲದಲ್ಲಿ ಕುಳಿತು ಶುಕ್ರಕ್ಕೆ ಹೊರಡುತ್ತಾರೆ: ಒಬ್ಬ ಭೌತವಿಜ್ಞಾನಿ, ಗೋಲವನ್ನು ಕಟ್ಟಿದ ಯಂತ್ರಶಿಲ್ಪಿ, ಮತ್ತು ಗೌರವ್ವ ಎಂಬ ಒಕ್ಕಲಗಿತ್ತಿ. ಹೊಸ ನೆಲದಲ್ಲಿ ಬಿತ್ತಿ ಬೆಳೆಯಬಲ್ಲವರು ಯಾರಾದರೂ ಬೇಕಲ್ಲ? ಗೌರವ್ವನನ್ನು ನಾನು ನನ್ನ ಅವ್ವನ ಅಚ್ಚಿನಲ್ಲಿಯೇ ಎರಕ ಹೊಯ್ದಿದ್ದೆ. ತಿಕೋಟಾಕ್ಕೆ ಹೋದಾಗ ಕಥೆಯನ್ನು ಅವ್ವನಿಗೆ ಹೇಳಿದೆ. ಆಕೆ ಜೋಳ ಕೇರುತ್ತಿದ್ದಳು. ಮೊರ ನಿಲ್ಲಿಸದೆಯೇ ಕೇಳಿದಳು:

“ಯಾವಾಗ್ಲೂ ಮಳೀನ ಏನು ಅಲ್ಲಿ?”

“ಯಾವಾಗ್ಲೂ, ಯವ್ವಾ.”

“ಹಂಗಾದ್ರ ಆಕೀ ಜ್ವಾಳ ಬರಂಗಿಲ್ಲ ಬಿಡು. ಹಿಂಗಾರಿ ಜ್ವಾಳ ಇಬ್ಬನ್ಯಾಗ ಬೆಳಿಯೂದು. ಬಾಳ ಮಳಿ ಹಿಡದ್ರ ಬೇರ ಕೊಳೀತೈತಿ. ನೀ ಮಾಸ್ತರಕಿ ಮಾಡ್ತಿ, ಇಷ್ಟು ಗೊತ್ತಿಲ್ಲನ?”

ನನಗೆ ಗೊತ್ತಿತ್ತು, ಆದರೆ ಕಥೆಯಲ್ಲಿ ಅದನ್ನು ಎಲ್ಲಿ ಇಡಬೇಕೆಂಬುದು ಗೊತ್ತಿರಲಿಲ್ಲ. ಆಕೆ ಅಂದ ಕ್ಷಣದಲ್ಲಿ ಕಾದಂಬರಿಯ ಕೊನೆಯ ಅಧ್ಯಾಯ ನನಗೆ ಪೂರ್ತಿಯಾಗಿ ಕಂಡಿತು. ಮಳೆಯನ್ನು ಹುಡುಕಿ ಹೋದವರನ್ನು ಮಳೆಯೇ ಸೋಲಿಸುತ್ತದೆ. ಆ ಕೊನೆಗಾಗಿಯೇ ನಾನು ಉಳಿದದ್ದನ್ನೆಲ್ಲ ಬರೆದೆ. ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಅನ್ಯಾಯದ ತೂಕ ಇದರಿಂದಲೇ ತಿಳಿಯತಕ್ಕದ್ದು.

ಸ್ಟೇಷನ್ ರಸ್ತೆಯಲ್ಲಿ ಆಗ ಒಂದು ವಾರಪತ್ರಿಕೆಯ ಮುದ್ರಣಾಲಯವಿತ್ತು. ಪತ್ರಿಕೆಯ ಹೆಸರನ್ನು ಬರೆಯಲಾರೆ. ಅದಕ್ಕೆ ಇನ್ನೊಮ್ಮೆ ಅಚ್ಚಿನ ಭಾಗ್ಯ ಒದಗಿಸುವ ಇಚ್ಛೆ ನನಗಿಲ್ಲ. ಸಂಪಾದಕರಾದ ಶಂಕರಪ್ಪನವರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ನನ್ನ ಮೊದಲ ಅಧ್ಯಾಯವನ್ನು ಅಲ್ಲಿಯೇ ಓದಿದರು. ಜಪಾನಿನ ಮೇಲೆ ಬಿದ್ದ ಬಾಂಬಿನ ಸುದ್ದಿ ಇನ್ನೂ ಆರಿರಲಿಲ್ಲ. ವಿಜ್ಞಾನ ಏನು ಬೇಕಾದರೂ ಮಾಡೀತೆಂದು ಜನ ನಂಬುತ್ತಿದ್ದ ಕಾಲ.

“ಮಾಸ್ತರ, ಇದು ನಡೀತೈತಿ,” ಎಂದರು. “ಅಣುಬಾಂಬಿನ ಮಗ್ಗಲಕ್ಕ ಹಾಕೂಣು. ಆದ್ರ ‘ವೈಜ್ಞಾನಿಕ’ ಅನ್ನೂದು ಬ್ಯಾಡ, ಮಂದಿ ಅಂಜ್ತಾರ. ‘ಅದ್ಭುತ’ ಅಂತ ಹಾಕ್ತೀನಿ.”

ಮೊದಲ ಅವಮಾನ ಇದು. ನಾನು ಲೆಕ್ಕ ಹಾಕಿ ಬರೆದ ವೇಗಗಳು, ದೂರಗಳು, ಗಾಳಿಯ ಒತ್ತಡಗಳು ಎಲ್ಲವೂ ‘ಅದ್ಭುತ’ ಎಂಬ ಒಂದೇ ಶಬ್ದದ ಕೆಳಗೆ ಮಾಯವಾದವು. ನಾನು ಒಪ್ಪಿಕೊಂಡೆ, ಏಕೆಂದರೆ ಧಾರವಾಡದ ಒಬ್ಬ ಪ್ರಕಾಶಕರು, ಕಥೆ ಪತ್ರಿಕೆಯಲ್ಲಿ ಪೂರ್ತಿಯಾದರೆ ಪುಸ್ತಕವಾಗಿ ತರುವೆನೆಂದು ಮಾತು ಕೊಟ್ಟಿದ್ದರು. ಕನ್ನಡದಲ್ಲಿ ಅಂಥ ಪುಸ್ತಕ ಆಗ ನನ್ನ ಕಣ್ಣಿಗಂತೂ ಬಿದ್ದಿರಲಿಲ್ಲ. ನನ್ನದು ಬಂದಿದ್ದರೆ ನಾನು ಲೇಖಕನಾಗುತ್ತಿದ್ದೆ. ಬಾರದಿದ್ದರೆ ವಿಜ್ಞಾನದ ಮಾಸ್ತರನಾಗಿ ಉಳಿಯುತ್ತಿದ್ದೆ. ಇದ್ದದ್ದು ಇಷ್ಟೇ.

ವಾರ ವಾರ ಕಥೆ ಬರತೊಡಗಿತು. ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ನನಗೆ ‘ಶುಕ್ರಾಚಾರ್ಯ’ ಎಂದು ಹೆಸರಿಟ್ಟರು. ಗಣಿತದವರು ದಿನವೂ ಬೆಳಿಗ್ಗೆ, “ಏನ್ರಿ ಆಚಾರ್ರ, ನಿನ್ನಿ ಅಲ್ಲಿ ಎಷ್ಟು ಇಂಚು ಆತ್ರಿ ಮಳಿ?” ಎಂದು ಕೇಳಿ, ಇಡೀ ಕೋಣೆ ನಗುವವರೆಗೆ ಕಾಯುತ್ತಿದ್ದರು. ಮುಖ್ಯಾಧ್ಯಾಪಕರು ಒಮ್ಮೆ ಕರೆದು, ಶಾಲೆಯ ಘನತೆಯ ಬಗ್ಗೆ ಎರಡು ಮಾತು ಹೇಳಿದರು. ಇವರಾರ ಹೆಸರನ್ನೂ ನಾನು ಮರೆತಿಲ್ಲ. ಅವರು ಈಗ ಇಲ್ಲವಾದ್ದರಿಂದ ಬರೆಯುತ್ತಿಲ್ಲ.

ಮಳೆಗಾಲ ಬಂದಂತೆ ಮಾಡಿ ಹೋಯಿತು. ಗಾಳಿಯದೇ ಆರ್ಭಟ, ಗೋಳಗುಮ್ಮಟದ ಮೇಲೆ ಮೋಡ ಕಟ್ಟುತ್ತಿತ್ತು, ಅರ್ಧ ತಾಸಿನಲ್ಲಿ ಹರಿದು ಪೂರ್ವಕ್ಕೆ ಓಡುತ್ತಿತ್ತು. ನವರಾತ್ರಿಯ ಹೊತ್ತಿಗೆ ಕಾಗದದ ಅಭಾವ ತೀವ್ರವಾಗಿ, ಪತ್ರಿಕೆಯ ಪುಟಗಳು ಅರ್ಧಕ್ಕಿಳಿದವು. ಗೋಲ ಶುಕ್ರದ ಮೇಲೆ ಇಳಿದಿತ್ತು, ಗೌರವ್ವ ಮೊದಲ ಬಿತ್ತನೆ ಮಾಡಿದ್ದಳು, ಕಥೆಗೆ ಇನ್ನು ಮೂರೇ ಅಧ್ಯಾಯ ಉಳಿದಿದ್ದವು. ಆ ವಾರ ಪತ್ರಿಕೆಯಲ್ಲಿ ಕಥೆಯಿರಲಿಲ್ಲ. ಕಾರಣವನ್ನು ತಿಳಿಸುವ ಒಂದು ಸಾಲೂ ಇರಲಿಲ್ಲ. ನಾನು ಮುದ್ರಣಾಲಯಕ್ಕೆ ಹೋದೆ.

“ಜಾಗಾ ಇಲ್ಲ, ಮಾಸ್ತರ,” ಎಂದರು ಶಂಕರಪ್ಪನವರು. “ಶೇಂಗಾದ ಧಾರಣಿಗೇ ಜಾಗಾ ಸಾಲವಲ್ದು. ಶುಕ್ರಗ್ರಹಕ್ಕ ಎಲ್ಲಿಂದ ತರೂಣು?”

“ಮೂರ ವಾರ ಕೊಡ್ರಿ. ಬರೇ ಮೂರು. ಅರ್ಧಕ್ಕ ಬಿಟ್ರ ಓದೋರು ಏನಂದಾರು?”

“ಏನೂ ಅನ್ನಂಗಿಲ್ರಿ. ಯಾರು ಓದ್ತಾರ ಅಂತ ತಿಳದೀರಿ?”

ಉತ್ತರ ಕೆಲವು ದಿನಗಳ ನಂತರ ಎತ್ತಿನ ಬಂಡಿಯಲ್ಲಿ ಬಂತು.

ಅಂದು ಶಾಲೆ ಬಿಟ್ಟು ನಾನು ಮುದ್ರಣಾಲಯದ ಮುಂದೆ ಹಾಯ್ದುಹೋಗುತ್ತಿದ್ದಾಗ ಬಾಗಿಲಲ್ಲಿ ಬಂಡಿ ನಿಂತಿತ್ತು. ಒಳಗೆ ಶಂಕರಪ್ಪನವರ ಮೇಜಿನ ಸುತ್ತ ರುಮಾಲು ಸುತ್ತಿದ ಕೆಲವು ಹಿರಿಯರು, ಅವರ ಹಿಂದೆ ಸೆರಗು ಹೊದ್ದ ಒಬ್ಬ ಮುದುಕಿ. ಮೇಜಿನ ಮೇಲೆ ಸಿಪ್ಪೆ ಸುಲಿಯದ ತೆಂಗಿನಕಾಯಿ. ಶಂಕರಪ್ಪನವರು ನನ್ನನ್ನು ಕಂಡು ಮೊದಲ ಬಾರಿಗೆ ಎದ್ದುನಿಂತರು.

“ಬರ್ರಿ ಬರ್ರಿ ಮಾಸ್ತರ. ಇವರು ಕಾಖಂಡಕಿಯವರು. ನಿಮ್ಮ ಕಥೀಯಿಂದ ನನಗ ಬಂದ ಪೀಡಾ ನೋಡ್ರಿ.”

ಬಂದವರ ಮುಂದಾಳು ಗುರುಪಾದಪ್ಪನವರು. ಕಾಖಂಡಕಿಯ ಗುಡಿಯಲ್ಲಿ ಶ್ರಾವಣದ ಪುರಾಣ ಹಚ್ಚಿದಾಗ ಒಬ್ಬರು ಓದಿದ್ದಕ್ಕೆ ಅರ್ಥ ಹೇಳುವ ಅಧಿಕಾರ ಅವರದು. ಪತ್ರಿಕೆ ಅವರ ಮನೆಗೆ ಪೇಟೆಯ ಧಾರಣೆಗಾಗಿ ಹೋಗುತ್ತಿತ್ತು. ಶ್ರಾವಣದ ಒಂದು ಸಂಜೆ, ಅಂದಿನ ಪುರಾಣ ಬೇಗ ಮುಗಿದುದರಿಂದ, ಓದುವ ಸಾಲಿ ಮಾಸ್ತರರು ವೇಳೆ ಕಳೆಯಲು ನನ್ನ ಅಧ್ಯಾಯವೊಂದನ್ನು ಓದಿದರಂತೆ. ಕುಳಿತದ್ದು ಗುಡಿಯಲ್ಲಿ, ಎದುರಿಗೆ ವ್ಯಾಸಪೀಠ, ಪಕ್ಕದಲ್ಲಿ ದೀಪ. ಗುರುಪಾದಪ್ಪನವರು ರೂಢಿಯಂತೆ ಅರ್ಥ ಹೇಳಿದರು. ಶುಕ್ರನೆಂದರೆ ಶುಕ್ರಾಚಾರ್ಯ, ಸತ್ತವರನ್ನು ಬದುಕಿಸುವ ಸಂಜೀವಿನಿ ಬಲ್ಲವನು, ಆದ್ದರಿಂದ ಅವನ ಲೋಕದಲ್ಲಿ ಮಳೆ ನಿಲ್ಲುವುದಿಲ್ಲ ಎಂದು. ಮರುವಾರ ಜನ ತಾವಾಗಿಯೇ ಬಂದರು. ಶ್ರಾವಣ ಕಳೆಯಿತು, ನಿಜವಾದ ಪುರಾಣಕ್ಕೆ ಮಂಗಲವಾಯಿತು. ನನ್ನದು ಮುಗಿದಿರಲಿಲ್ಲ. ಹಚ್ಚಿದ ಪುರಾಣ ಮುಗಿಯುವವರೆಗೆ ವ್ಯಾಸಪೀಠವನ್ನು ಎತ್ತುವಂತಿಲ್ಲ, ದೀಪವನ್ನು ಆರಿಸುವಂತಿಲ್ಲ. ಅಂದಿನಿಂದ ಆ ಗುಡಿಯಲ್ಲಿ ನನ್ನ ಗೋಲದ ಮುಂದೆ ದೀಪ ಉರಿಯುತ್ತಿತ್ತು. ಮನೆಗೊಂದು ಪಾಳಿಯಂತೆ ಎಣ್ಣೆ ಹೋಗುತ್ತಿತ್ತು.

“ಈಗ ಓದಾಕ ಏನೂ ಇಲ್ಲ,” ಎಂದರು ಗುರುಪಾದಪ್ಪನವರು. “ಅರ್ಧಕ್ಕ ನಿಂತ ಪುರಾಣ ಊರಿಗೆ ಕೇಡು. ಬಿತ್ತಿಗಿ ಹೊತ್ತಿನ್ಯಾಗ ಹಿಂಗ ಮಾಡಿದ್ರ ಹ್ಯಾಂಗ್ರಿ? ಹಚ್ಚಿದಾವ್ರು ನೀವು, ಮುಗಸೂದೂ ನೀವ. ಮಂಗಲ ಕೊಡ್ರಿ. ಕಾಯಿ ತಂದೇವಿ.”

“ಬರದಾವ್ರು ಇವರ,” ಎಂದು ಶಂಕರಪ್ಪನವರು ಕೈ ತೋರಿಸಿದರು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಹಿಂದೆ ನಿಂತ ಮುದುಕಿ, ನೀಲವ್ವ, ಮುಂದೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ಅಳೆದಳು.

“ಪುರಾಣ ಬರದಾವ್ರು ಇನ್ನೂ ಬದುಕಿರ್ತಾರೇನ್ರಿ?” ಎಂದಳು. “ಈ ಹುಡುಗಗ ಮೀಸೀನ ಇನ್ನೂ ಸರಿಯಾಗಿ ಬಂದಿಲ್ಲ. ಸುಳ್ಳ ಹೇಳಬ್ಯಾಡ್ರಿ ಯಪ್ಪಾ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವರ್ಷ ನಾನು ನಕ್ಕ ಕೊನೆಯ ನಗು ಅದೇ ಇರಬೇಕು. ಓದುವವರೇ ಇಲ್ಲವೆಂದಿದ್ದ ಸಂಪಾದಕರ ಮುಂದೆ ಒಂದು ಬಂಡಿ ಓದುಗರು ನಿಂತಿದ್ದರು. ಅವರು ನನ್ನ ವಿಜ್ಞಾನವನ್ನು ಶಾಸ್ತ್ರವೆಂದು ತಿಳಿದಿದ್ದರು, ನನ್ನ ಲೆಕ್ಕವನ್ನು ಮಹಿಮೆಯೆಂದು ತಿಳಿದಿದ್ದರು, ಇರಲಿ. ಅವರಿಗೆ ಕೊನೆ ಬೇಕಾಗಿತ್ತು. ಅಧ್ಯಾಪಕರ ಕೋಣೆಯಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ.

“ಗೌರವ್ವ ತಿರುಗಿ ಬರ್ತಾಳಿಲ್ಲೋ?” ಎಂದು ನೀಲವ್ವ ಕೇಳಿದಳು.

“ಪತ್ರಿಕ್ಯಾಗ ಬರ್ತೈತಿ, ಓದಿಸಿ ಕೇಳಬೇ,” ಎಂದೆ. ಕಥೆಗಾರನ ಗತ್ತಿನಿಂದಲೇ ಎಂದೆ.

ದೀಪಾವಳಿಯ ಸಂಚಿಕೆಯಲ್ಲಿ ಒಂದು ಪುಟ ಕೊಡುವುದಾಗಿ ಶಂಕರಪ್ಪನವರು ಎಲ್ಲರೆದುರು ಮಾತು ಕೊಟ್ಟರು. ಮೂರು ಅಧ್ಯಾಯಗಳನ್ನು ಒಂದು ಪುಟಕ್ಕಿಳಿಸುವುದೆಂದರೆ ಎತ್ತನ್ನು ಗೂಡಿನಲ್ಲಿ ಹೊಗಿಸಿದಂತೆ. ಹೊಗಿಸಿದೆ. ಒಂದು ವಾರ ಶಾಲೆಯಲ್ಲಿ ಪಾಠ ಹೇಳುವಾಗಲೂ ನನ್ನ ತಲೆಯಲ್ಲಿ ಸಾಲುಗಳು ಕುಗ್ಗುತ್ತಿದ್ದವು, ಬಿಗಿಯುತ್ತಿದ್ದವು. ಕೊನೆಗೆ ಉಳಿದದ್ದು ಮೂಲಕ್ಕಿಂತ ಚೆನ್ನಾಗಿತ್ತು. ಇದನ್ನು ನಾನೇ ಹೇಳಬೇಕಾಗಿದೆ. ಸಂಪಾದಕರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಓದಿಲ್ಲ.

ಶಂಕರಪ್ಪನವರು ಓದಿದರು. ಕನ್ನಡಕವನ್ನು ಕೆಳಗಿಳಿಸಿ ಇನ್ನೊಮ್ಮೆ ಓದಿದರು. “ಬಾಳ ಚಲೋ ಐತ್ರಿ, ಮಾಸ್ತರ,” ಎಂದು ಮೇಜಿನ ಖಾನೆಯಲ್ಲಿಟ್ಟರು.

ದೀಪಾವಳಿ ಪಾಡ್ಯದ ಬೆಳಿಗ್ಗೆ, ಎಣ್ಣೆ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ತಿಕೋಟಾದ ಮನೆಯ ಕಟ್ಟೆಯ ಮೇಲೆ ನಾನು ಪತ್ರಿಕೆಯನ್ನು ಬಿಡಿಸಿದೆ. ಅವ್ವ ಕೇಳಲು ಎದುರಿಗೆ ಕುಳಿತಿದ್ದಳು. ಗಟ್ಟಿಯಾಗಿ ಓದತೊಡಗಿದವನು ಎರಡನೆಯ ಸಾಲಿಗೇ ನಿಂತೆ. ಅದು ನನ್ನದಾಗಿರಲಿಲ್ಲ. ಶುಕ್ರದ ಮಳೆಯಲ್ಲಿ ಗೌರವ್ವನಿಗೆ ಜಟಾಧಾರಿಯಾದ ಒಬ್ಬ ಮುನಿ ಭೇಟಿಯಾಗುತ್ತಾನೆ. ಮುನಿ ಕಮಂಡಲುವಿನಿಂದ ನೀರು ಚಿಮುಕಿಸುತ್ತಾನೆ. ಗೌರವ್ವ ಕಣ್ತೆರೆದರೆ ತಮ್ಮ ಹೊಲದ ಬೇವಿನ ಮರದ ಕೆಳಗೆ ಮಲಗಿದ್ದಾಳೆ. ಗೋಲವೂ ಕನಸು, ಶುಕ್ರವೂ ಕನಸು, ನನ್ನ ಲೆಕ್ಕಗಳೂ ಕನಸು. ಚಿಮುಕಿಸಿದ ನೀರು ಮಾತ್ರ ನಿಜವಾದ ಮಳೆ. ಊರೆಲ್ಲ ಕುಣಿಯುತ್ತದೆ. ಶುಭಂ. ಕೆಳಗೆ, ಒಂದಕ್ಷರವೂ ತಪ್ಪದೆ, ನನ್ನ ಹೆಸರು.

“ಯಾಕ ನಿಂತಿ? ಓದು,” ಎಂದಳು ಅವ್ವ.

“ಮುಗೀತು, ಯವ್ವಾ.”

ರಜೆ ಮುಗಿಯುವುದನ್ನೂ ಕಾಯದೆ ನಾನು ವಿಜಾಪುರಕ್ಕೆ ಬಂದೆ. ಶಂಕರಪ್ಪನವರು ಗಿರಾಕಿಯೊಬ್ಬರ ಲಗ್ನಪತ್ರಿಕೆಯ ಅಚ್ಚು ತಿದ್ದುತ್ತಿದ್ದರು, ತಲೆಯೆತ್ತಲಿಲ್ಲ.

“ಸಿಟ್ಟಿಗೇಳಬ್ಯಾಡ್ರಿ, ಮಾಸ್ತರ. ದೀಪಾವಳಿ ದಿನ ಮಂದಿ ಸಾಯೂ ಕಥಿ ಯಾರ ಹಾಕ್ತಾರ? ನಿಮ್ಮ ಕೊನೀ ಓದಿದ್ರ, ಆ ಕಾಖಂಡಕಿ ಮಂದಿ ಕಾಯಿ ನನ್ನ ತಲೀ ಮ್ಯಾಲ ಒಡೀತಿದ್ರು.”

“ಹಂಗಾದ್ರ ನಿಮ್ಮ ಹೆಸರ ಹಾಕ್ಕೋಬೇಕಾಗಿತ್ತು.”

“ನನಗ್ಯಾಕ್ರಿ ಹೆಸರು?” ಎಂದರು, ತಮ್ಮದು ತ್ಯಾಗವೆಂಬಂತೆ.

“ತಿದ್ದುಪಡಿ ಹಾಕ್ರಿ. ಎರಡ ಸಾಲು. ಕೊನೆಯ ಭಾಗ ಲೇಖಕರದಲ್ಲ ಅಂತ.”

“ಕಾಗದ ಎಲ್ಲೈತ್ರಿ?” ಎಂದು ಅವರು ಲಗ್ನಪತ್ರಿಕೆಯತ್ತ ಬಾಗಿದರು. ಆ ಲಗ್ನಪತ್ರಿಕೆಯ ಕಾಗದ ದಪ್ಪನೆಯದು, ಅಂಚಿಗೆ ಬಂಗಾರದ ಗೆರೆ ಇತ್ತು. ಅದನ್ನೂ ನಾನು ಮರೆತಿಲ್ಲ.

ಧಾರವಾಡದಿಂದ ಒಂದು ಕಾರ್ಡು ಬಂತು. ಕಥೆಯನ್ನು ಮೊದಲಿನಿಂದ ಮೆಚ್ಚಿ ಓದುತ್ತ ಬಂದೆವು, ಆದರೆ ಮುನಿ ಮತ್ತು ಕನಸಿನಿಂದ ಮುಗಿಯುವ ಕೃತಿಯನ್ನು ವೈಜ್ಞಾನಿಕವೆಂದು ಪ್ರಕಟಿಸಲು ನಮಗೆ ಸಂಕೋಚವಾಗುತ್ತದೆ ಎಂದು ಬರೆದಿದ್ದರು. ನಾನು ಎಲ್ಲವನ್ನೂ ವಿವರಿಸಿ ಉತ್ತರ ಬರೆದೆ. ಮರುಉತ್ತರ ಬರಲಿಲ್ಲ. ಟೀಕೆಗೆ ಹೆದರಿ ಕೊನೆಯನ್ನು ಬದಲಿಸಲು ಹೊರಟ ಇನ್ನೊಬ್ಬ ಲೇಖಕನೆಂದು ಅವರು ನನ್ನನ್ನು ತಿಳಿದಿರಬೇಕು. ಅಧ್ಯಾಪಕರ ಕೋಣೆಯಲ್ಲಿ ಪ್ರಶ್ನೆ ಬದಲಾಯಿತು. “ನಿದ್ದಿ ಚಲೋ ಆತೇನ್ರಿ, ಆಚಾರ್ರ?”

ಪತ್ರಿಕೆ ಹೋಯಿತು, ಪುಸ್ತಕ ಹೋಯಿತು. ಉಳಿದದ್ದು ಒಂದೇ ಸ್ಥಳ. ಆ ಗುಡಿಯಲ್ಲಿ ನನ್ನ ಕಥೆಗಾಗಿ ದೀಪ ಉರಿದಿತ್ತು. ಅಚ್ಚಾಗದಿದ್ದರೆ ಬೇಡ, ಒಂದು ಊರಾದರೂ ನಿಜವಾದ ಕೊನೆಯನ್ನು ಕೇಳಲಿ ಎಂದು ನಿಶ್ಚಯಿಸಿದೆ. ಮೂರು ಅಧ್ಯಾಯಗಳ ಮೂಲಪ್ರತಿ ನನ್ನ ಬಳಿಯಿತ್ತು. ಸಂಕ್ರಾಂತಿಯ ನಂತರದ ಒಂದು ರವಿವಾರ ಬಬಲೇಶ್ವರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಾಖಂಡಕಿಯ ಕಡೆ ಹೊರಟ ಬಂಡಿಯೊಂದನ್ನು ಹತ್ತಿದೆ. ಎರಡೂ ಕಡೆ ಎರೆಯ ಹೊಲಗಳು. ಆ ವರ್ಷ ಹಿಂಗಾರಿ ಒಳ್ಳೆಯದಾಗಿತ್ತು. ತೆನೆಗಳು ಹಾಲು ತುಂಬಿ ಬಾಗಿದ್ದವು, ಎಲ್ಲೆಲ್ಲೂ ಸೀತನಿಯ ಹೊಗೆ.

ಗುರುಪಾದಪ್ಪನವರು ಹೊಲದಲ್ಲಿಯೇ ಸಿಕ್ಕರು. ನನ್ನನ್ನು ಗುರುತು ಹಿಡಿದು, ಕೈ ಹಿಡಿದು, ಗೊಂಗಡಿ ಹಾಸಿ ಕೂರಿಸಿದರು. ಕುಳ್ಳಿನ ಕೆಂಡದಿಂದ ತೆಗೆದ ತೆನೆಗಳನ್ನು ಬಡಿದು, ಬಿಸಿ ಕಾಳನ್ನು ತೂರಿ, ಶೇಂಗಾ ಹಿಂಡಿ, ಬೆಲ್ಲದೊಡನೆ ಎಲೆಯಲ್ಲಿ ಹಾಕಿಕೊಟ್ಟರು. ಸುತ್ತಮುತ್ತಲ ಹೊಲದವರು ಬಂದು ಕೂತರು. ನೀಲವ್ವನೂ ಬಂದಳು.

“ಮಂಗಲ ಬಾಳ ಚಂದ ಬರದ್ರಿ,” ಎಂದರು ಗುರುಪಾದಪ್ಪನವರು. “ಗುಡಿ ತುಂಬ ಮಂದಿ ಅತ್ತಾರ್ರಿ ಅವತ್ತ. ಮಂಗಳಾರತಿ ಆತು, ಪ್ರಸಾದ ಆತು. ಮುಂದ ಬೆಳೀ ನೋಡ್ರಿ, ಹ್ಯಾಂಗ ಬಂದೈತಿ.”

ನಾನು ಚೀಲದಿಂದ ಕಾಗದಗಳನ್ನು ತೆಗೆದೆ. ಆ ಮಂಗಲ ನನ್ನದಲ್ಲವೆಂದು ಹೇಳಿದೆ. ಸಂಪಾದಕರು ಬದಲಿಸಿದರೆಂದೂ, ನಿಜವಾದದ್ದು ಇಲ್ಲಿದೆಯೆಂದೂ, ಸಂಜೆ ಗುಡಿಯಲ್ಲಿ ನಾನೇ ಓದುವೆನೆಂದೂ ಹೇಳಿದೆ. ಗುರುಪಾದಪ್ಪನವರು ಕಾಗದಗಳನ್ನು ನೋಡಿದರು, ಮುಟ್ಟಲಿಲ್ಲ.

“ತಪ್ಪ ತಿಳೀಬ್ಯಾಡ್ರಿ, ಮಾಸ್ತರ. ಮಂಗಲ ಆದಮ್ಯಾಲ ಪುಸ್ತಕ ಮತ್ತ ಬಿಚ್ಚಂಗಿಲ್ಲ. ವ್ಯಾಸಪೀಠ ಎತ್ತಿಟ್ಟೇವಿ.”

“ಆದ್ರ ಅದು ಸುಳ್ಳು ಮಂಗಲ.”

“ಆರತಿ ಖರೇನ ಆಗೇತಲ್ರಿ,” ಎಂದರು ಅವರು, ಬಹಳ ಮೃದುವಾಗಿ. ಒರಟಾಗಿ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ.

ನೀಲವ್ವ ಹತ್ತಿರ ಸರಿದಳು. “ಅವರು ಗಂಡಸರು, ಅವರ ರೀತಿ ಅವರಿಗೆ. ನನಗ ಒಂದ ಮಾತ ಹೇಳಪಾ. ಖರೇ ಕಥ್ಯಾಗ ಗೌರವ್ವ ಊರಿಗೆ ಬರ್ತಾಳಿಲ್ಲೋ?”

“ಬರಂಗಿಲ್ಲಬೇ.”

ಅವಳು ನನ್ನ ಕಾಗದಗಳನ್ನು ತನ್ನ ಕೈಯಿಂದಲೇ ಎತ್ತಿ, ಜೋಡಿಸಿ, ಮತ್ತೆ ನನ್ನ ಚೀಲದೊಳಗೆ ಇಟ್ಟಳು.

“ಹಂಗಾದ್ರ ಒಯ್ಯಿ,” ಎಂದಳು. “ಅವತ್ತ ನಾವು ಹೆಣ್ಮಕ್ಕಳೆಲ್ಲ ಕೂಡಿ ಆಕೀ ಹೆಸರೀಲೆ ಖಣ ಇಟ್ಟು, ಜ್ವಾಳ ಕೊಬ್ರಿ ಹಾಕಿ ಉಡಿ ತುಂಬೇವಿ. ತವರಿಗೆ ಬಂದ ಮಗಳಿಗೆ ತುಂಬಿದಂಗ. ತುಂಬಿದ ಉಡೀ ತಿರುಗಿ ಬರಿದ ಮಾಡಂತಿಯೇನ? ಎಂಥಾ ಹಡದಾಂವೋ ನೀನು!”

ನನ್ನ ಬರಹವನ್ನು ಅದಕ್ಕಿಂತ ಆಳವಾಗಿ ಯಾರೂ ನಂಬಿಲ್ಲ, ಅದಕ್ಕಿಂತ ಪೂರ್ತಿಯಾಗಿ ಯಾರೂ ನಿರಾಕರಿಸಿಲ್ಲ. ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲವೆಂದು ಬರೆದರೆ ಓದುಗರಿಗೆ ಹಿತವಾಗಬಹುದು, ಅದು ನಿಜವಲ್ಲ. ಶಂಕರಪ್ಪನವರು ನನ್ನ ಕಥೆಯನ್ನು ಕದ್ದರು. ಇವರು ಕದ್ದ ಮಾಲನ್ನು ದೇವರಿಗೆ ಏರಿಸಿ, ಅದನ್ನು ಇನ್ನು ಯಾರೂ ಕೇಳಲಾರದಂತೆ ಮಾಡಿದರು. ಎಲೆಯಲ್ಲಿದ್ದ ಸೀತನಿ ಆರಿಹೋಗಿತ್ತು. ನಾನು ತಿನ್ನಲಿಲ್ಲ, ಅಂದಿನಿಂದ ಇಂದಿನವರೆಗೂ ತಿಂದಿಲ್ಲ.

ಮುಂದೆ ನಾನು ಬರೆಯುವುದನ್ನು ಬಿಟ್ಟೆನೆಂದಲ್ಲ. ಅಲ್ಲಿ ಇಲ್ಲಿ ಕಥೆಗಳು ಬಂದವು: ಸಮುದ್ರದ ತಳದ ಊರು, ಹಳೆಯ ಧ್ವನಿಗಳನ್ನು ಗುಮ್ಮಟದಿಂದ ಹೊರತೆಗೆಯುವ ಯಂತ್ರ. ಪ್ರತಿಯೊಂದರ ಮೇಲೂ ಸಂಪಾದಕರು ‘ಕನಸಿನ ಮುನಿಯ ಖ್ಯಾತಿಯ’ ಎಂದು ಸೇರಿಸುತ್ತಿದ್ದರು. ಶುಕ್ರದ ಮೇಲೆ ಮಳೆಯಿಲ್ಲ, ಅದು ಕುದಿಯುವ ಕುಲುಮೆಯೆಂದು ಮುಂದೆ ನೌಕೆಗಳು ಹೋಗಿ ಕಂಡುಹಿಡಿದವು. ಅದನ್ನು ನನಗೆ ತಿಳಿಸಲು ಜನ ಮನೆಯವರೆಗೆ ಬಂದರು, ಅಪರಾಧಿಗೆ ತೀರ್ಪು ಓದಿ ಹೇಳುವವರಂತೆ. ನನ್ನ ಊಹೆ ತಪ್ಪಾಗಿತ್ತು. ಅದು ಆ ಕಾಲದ ಊಹೆ, ಅದಕ್ಕೆ ನಾನು ತಲೆಬಾಗುತ್ತೇನೆ. ಮುನಿ ಮಾತ್ರ ನನ್ನವನಲ್ಲ.

ಈಗ ಸನ್ಮಾನದ ಮಾತಿಗೆ ಬರುತ್ತೇನೆ. ಸಂಘಟಕರು ನನ್ನ ಕೃತಿಯ ವಾಚನವನ್ನು ಇಟ್ಟಿದ್ದರು. ವಿದ್ಯಾರ್ಥಿನಿಯೊಬ್ಬಳು ಎದ್ದು, ಸ್ವಚ್ಛವಾದ ಕಂಠದಿಂದ, ಬೇವಿನ ಮರದ ಕೆಳಗೆ ಗೌರವ್ವ ಕಣ್ತೆರೆಯುವ ಭಾಗವನ್ನೇ ಓದಿದಳು. ಮುಖ್ಯ ಅತಿಥಿಗಳು, ಪಾಶ್ಚಾತ್ಯ ಲೇಖಕನಾಗಿದ್ದರೆ ಗೌರವ್ವನನ್ನು ಅಲ್ಲಿಯೇ ಕೊಂದುಬಿಡುತ್ತಿದ್ದ, ನಮ್ಮ ಲೇಖಕರು ಮಾತ್ರ ಅವಳನ್ನು ಮನೆಗೆ ಕರೆತಂದರು, ಇದೇ ನಮ್ಮ ಸಂಸ್ಕೃತಿ ಎಂದು ಕೊಂಡಾಡಿದರು. ನನ್ನ ಅಂಗಿಯ ಒಳಜೇಬಿನಲ್ಲಿ ಆ ಹಳೆಯ ಕಾಗದಗಳಿದ್ದವು. ನನ್ನ ಸರದಿ ಬಂದಾಗ ಓದಬೇಕೆಂದು ತಂದಿದ್ದೆ. ಚಪ್ಪಾಳೆಯಾಯಿತು, ಶಾಲು ಹೊದಿಸಿದ್ದಾಯಿತು, ಇನ್ನಾರೋ ಎದ್ದು ಏನೋ ಓದಿ ಕುಳಿತರು. ನಾನು ಧ್ವನಿವರ್ಧಕದತ್ತ ಹೆಜ್ಜೆಯಿಟ್ಟೆ. ನಿರೂಪಕ ಓಡಿಬಂದು ನನ್ನ ತೋಳು ಹಿಡಿದ.

“ಸರ, ಕೂಡ್ರಿ. ಟೈಮ್ ಸಾಲದಕ್ಕ ನಿಮ್ಮ ಭಾಷಣ ಬಿಟ್ಟೇವ್ರಿ. ವಂದನಾರ್ಪಣಿ ಆಗೇತಿ. ಈಗ ಬರೇ ಊಟ.”

ವ್ಯಾಸಪೀಠ ಎತ್ತಿಟ್ಟೇವಿ ಎಂದು ಗುರುಪಾದಪ್ಪನವರೇ ಮತ್ತೆ ಅಂದಂತಾಯಿತು.

ಹೊಲದಿಂದ ಮರಳಿ ಬಂದ ತರುಣ ಅಧ್ಯಾಪಕ, ನಾನು ಬೇಡವೆಂದರೂ, 
ಬಿಸಿ ಕಾಳಿನ ಒಂದು ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟ. ಕಾರು ಹೊರಟ ಮೇಲೆ ಕೇಳಿದ:

“ಸರ, ಆ ಕನಸಿನ ಕೊನೀ ನಿಮಗ ಹ್ಯಾಂಗ ಹೊಳೀತ್ರಿ?”

ತಿಕೋಟಾ ಬರುವವರೆಗೆ ನಾನು ಕಣ್ಣು ಮುಚ್ಚಿಕೊಂಡು ಕುಳಿತೆ. ಅವನಿಗೆ ಅದು ವಯಸ್ಸಿನ ಮಂಪರಿನಂತೆ ಕಂಡಿರಬೇಕು. ಅವನಿಗೂ, ಅವನಂತೆ ಕೇಳುವವರಿಗೂ, ಕೊನೆಯ ಅಧ್ಯಾಯದ ಕೊನೆಯ ಸಾಲುಗಳನ್ನು ಇಲ್ಲಿ ಕೊಡುತ್ತಿದ್ದೇನೆ. ಇದರ ಮೇಲೆ ಯಾವ ಮಂಗಲವೂ ಬೇಡ. ಸಂಪಾದಕರು ಒಂದಕ್ಷರವನ್ನೂ ಮುಟ್ಟಬಾರದೆಂಬ ಷರತ್ತಿನ ಮೇಲೆ ಈ ಬರಹವನ್ನು ಕಳುಹಿಸುತ್ತಿದ್ದೇನೆ.

“ಮೂರನೆಯ ಬಿತ್ತನೆಯೂ ಕೊಳೆಯಿತು. ಗೋಲ ಕೆಸರಿನಲ್ಲಿ ಅರ್ಧ ಹೂತಿತ್ತು. ಅದು ಇನ್ನು ಏಳುವುದಿಲ್ಲವೆಂದು ಯಂತ್ರಶಿಲ್ಪಿ ಹೇಳಿದ ಮೇಲೆ ಇಬ್ಬರು ಗಂಡಸರೂ ಮಾತು ನಿಲ್ಲಿಸಿದರು. ಗೌರವ್ವ ಮುಗಿಲನ್ನು ನೋಡಿದಳು. ಊರಲ್ಲಿ ಮುಗಿಲು ನೋಡಿ ನೋಡಿ ಕಣ್ಣು ಬತ್ತಿದ್ದವು. ಇಲ್ಲಿ ಅದೇ ಮುಗಿಲು ಕಣ್ಣು ತೆರೆಯಗೊಡುತ್ತಿರಲಿಲ್ಲ. ಅವಳು ಉಳಿದ ಹಿಡಿ ಜೋಳವನ್ನು ಉಡಿಯಲ್ಲಿ ಕಟ್ಟಿ, ಮೇಲೆ ಎರಡೂ ಕೈಗಳನ್ನು ಮುಚ್ಚಿ, ಮಳೆಯಿಲ್ಲದ ನೆಲವನ್ನು ಹುಡುಕುತ್ತ ಹೊರಟಳು.”